ತೆರೆಯ ಮೇಲೆ ಮಾರ್ವೆಲ್ ಮುಂದೆ, ಡಿಸಿ ಹಿಂದೆ: ಕಾರಣವೇನು?

ಪ್ರಶ್ನೆ (ಜಯನಗರ):
ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ನಂತಹ ಮನೆಮಾತಾದ ಪಾತ್ರಗಳಿದ್ದರೂ ಅಮೆರಿಕದ ಕಾಮಿಕ್ಸ್ ಸಂಸ್ಥೆ ಡಿಸಿ, ಸಿನಿಮಾದಲ್ಲಿ ತನ್ನ ಪ್ರತಿಸ್ಪರ್ಧಿ ಮಾರ್ವೆಲ್‌ನಷ್ಟು ಗೆಲ್ಲಲಿಲ್ಲವೇಕೆ? ತಿಳಿದವರು ವಿವರಿಸಬೇಕು.

ಉತ್ತರ (ಮಲ್ಲೇಶ್ವರ):
ಸ್ಪೈಡರ್‌ಮ್ಯಾನ್ ಚಿತ್ರ ಹಕ್ಕನ್ನು ಸೋನಿ ಸ್ಟುಡಿಯೊಗೆ, ಎಕ್ಸ್‌ಮೆನ್ ಹಕ್ಕನ್ನು ಫಾಕ್ಸ್ ಸ್ಟುಡಿಯೊಗೆ ಮೊದಲೇ ಮಾರಿಕೊಂಡಿದ್ದ ಮಾರ್ವೆಲ್, ಉಳಿದ ಪಾತ್ರಗಳ ಹಕ್ಕನ್ನೇ ಅಡವಿಟ್ಟು ಸಾಲ ತಂದು 2008ರಲ್ಲಿ 'ಐರನ್ ಮ್ಯಾನ್' ನಿರ್ಮಿಸಿತು. ಮುಖ್ಯ ನಾಯಕರನ್ನು ಬೇರೆ ಬೇರೆ ಚಿತ್ರಗಳಲ್ಲಿ ಪರಿಚಯಿಸಿದ ಬಳಿಕವೇ 2012ರಲ್ಲಿ 'ದಿ ಅವೆಂಜರ್ಸ್' ಚಿತ್ರದಲ್ಲಿ ಒಂದುಗೂಡಿಸಿತು. ಡಿಸಿಗೆ ಆ ತಾಳ್ಮೆ ಇರಲಿಲ್ಲ: ಅಕ್ವಾಮ್ಯಾನ್, ಫ್ಲ್ಯಾಶ್ ಇಬ್ಬರಿಗೂ ಸ್ವಂತ ಚಿತ್ರ ಬರುವ ಮೊದಲೇ 2017ರಲ್ಲಿ 'ಜಸ್ಟಿಸ್ ಲೀಗ್' ಚಿತ್ರದಲ್ಲಿ ತಂಡ ಕಟ್ಟಿಬಿಟ್ಟಿತು.

ಉತ್ತರ (ಬಸವನಗುಡಿ):
ಒಪ್ಪುತ್ತೇನೆ. ಆದರೆ ಬಿಡಿ ಚಿತ್ರಗಳಲ್ಲಿ ಡಿಸಿಯನ್ನು ಹಗುರವಾಗಿ ಕಾಣಲಾಗದು. 2008ರ 'ದಿ ಡಾರ್ಕ್ ನೈಟ್', 2019ರ 'ಜೋಕರ್' ಎರಡೂ ನೂರು ಕೋಟಿ ಡಾಲರ್ ದಾಟಿದವು. ಎರಡರಲ್ಲಿಯೂ ಜೋಕರ್ ಪಾತ್ರಧಾರಿಗೆ ಆಸ್ಕರ್ ಸಂದಿತು.

ಉತ್ತರ (ಕೋರಮಂಗಲ):
ಮಾರ್ವೆಲ್‌ನದೇ ಚಿತ್ರವಾದ 2023ರ 'ದಿ ಮಾರ್ವೆಲ್ಸ್' ಸೋಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕೂ ಮೊದಲು ಬಂದ ಮಾರ್ವೆಲ್ ಧಾರಾವಾಹಿಗಳನ್ನು ನೋಡದವರಿಗೆ ಕಥೆ ಹಿಡಿತಕ್ಕೆ ಸಿಗುವುದಿಲ್ಲ. ಇಲ್ಲಿನ ಮಾಲ್‌ನಲ್ಲಿ ನನ್ನ ಪಕ್ಕದವರು ಮಧ್ಯಂತರದವರೆಗೂ 'ಇವಳು ಯಾರಪ್ಪಾ?' ಎಂದು ಮಗನನ್ನು ಕೇಳುತ್ತಲೇ ಇದ್ದರು.