ಚೋರ್ ಬಜಾರಿನ ಸ್ಕೀ ಪೋಸ್ಟರ್: ಅಸಲಿಯೋ, ನಕಲಿಯೋ?

ಡೊಂಬಿವಲಿ ಹುಡುಗ:
ಮುಂಬೈ ಮಟನ್ ಸ್ಟ್ರೀಟಿನಲ್ಲಿ ಹಳೇ ಸಿನಿಮಾ ಪೋಸ್ಟರುಗಳ ಕಟ್ಟಿನೊಳಗೆ ಒಂದು ಸ್ಕೀ ಪೋಸ್ಟರ್ ಸಿಕ್ಕಿದೆ. ಫ್ರಾನ್ಸಿನ ಹಿಮದೂರು ಶಾಮೊನಿಯದು, ಕೆಳಗೆ ಪಿಎಲ್‌ಎಂ ಅಂತಿದೆ. ಅಂಗಡಿಯವರು ಹನ್ನೆರಡು ಸಾವಿರಕ್ಕೆ ಕೆಳಗೆ ಇಳೀತಿಲ್ಲ. ತಗೊಳ್ಳಲಾ? ಇದಕ್ಕೆ ಜನ ಅಷ್ಟೊಂದು ಮುಗಿಬೀಳೋದು ಯಾಕೆ?

ಮಾಟುಂಗಾ ಮಾಮ:
ತಡಿ ಮಾರಾಯ. ಪಿಎಲ್‌ಎಂ ಅಂದ್ರೆ ಪ್ಯಾರಿಸ್–ಲಿಯೋಂ–ಮೆಡಿಟರೇನಿಯನ್ ರೈಲು ಕಂಪನಿ. 1938ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ರೈಲ್ವೆ ಎಸ್‌ಎನ್‌ಸಿಎಫ್‌ಗೆ ಸೇರಿಹೋಯ್ತು. ಚಳಿಗಾಲದಲ್ಲೂ ಟಿಕೆಟ್ ಮಾರಬೇಕಲ್ಲ, ಅದಕ್ಕೇ ಹಿಮದ ಊರುಗಳ ಪೋಸ್ಟರ್ ಬರೆಸಿದರು. ರೋಜೆ ಬ್ರೋಡರ್ಸ್ ಅನ್ನೋ ಚಿತ್ರಕಾರ ಅದರಲ್ಲಿ ಪಳಗಿದ ಕೈ.

ನಾನು ಆಫ್‌ಸೆಟ್ ಪ್ರೆಸ್ಸಿನಲ್ಲೇ ತಲೆ ನರೆಸಿಕೊಂಡವನು, ಒಂದು ಮಾತು ಕೇಳು. ಆಕಾಶದ ಭಾಗದ ಮೇಲೆ ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಇಟ್ಟು ನೋಡು. ನೀಲಿ, ಕೆಂಪು, ಹಳದಿ ಚುಕ್ಕಿಗಳು ಸಾಲುಗಟ್ಟಿ ಕಂಡರೆ ಮರುಮುದ್ರಣ, ಕೈಮುಗಿದು ಬಾ. ಹಳೇ ಕಾಲದ ಕಲ್ಲಚ್ಚಾದರೆ, ಅಂದ್ರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತಿದ ಲಿಥೋ ಆದರೆ, ಒಂದೊಂದು ಬಣ್ಣವೂ ಬೇರೆ ಬೇರೆ ಹಾಸು, ನೆರಳಿರುವ ಕಡೆ ಒರಟು ಕಾಳು. ಅಳತೆಯನ್ನೂ ನೋಡು: ಆ ಕಾಲದ ರೈಲ್ವೆ ಪೋಸ್ಟರುಗಳು ಹೆಚ್ಚುಕಮ್ಮಿ 62×100 ಸೆಂ.ಮೀ.

ಠಾಣೆ ಅಕ್ಕ:
ಮುಗಿಬೀಳೋದು ಯಾಕೆ ಅಂದ್ರೆ, ಇವು ಸ್ಟೇಷನ್ ಗೋಡೆಗೆ ಅಂಟಿಸಿ ಹರಿದು ಬಿಸಾಡೋಕೇ ಮಾಡಿದ್ದು. ಉಳಿದದ್ದು ಕಮ್ಮಿ. ಜೊತೆಗೆ ತಾವು ಸ್ಕೀ ಮಾಡಿದ ಊರಿನದ್ದೇ ಬೇಕು ಅನ್ನೋ ಶ್ರೀಮಂತರು ಬೇರೆ. ಅಸಲಿ ಸಿಕ್ಕರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಪ್ಪ, ಬೆಲೆ ಹಾಳಾಗುತ್ತೆ. ನಮ್ಮ ಮಳೆಗಾಲದ ತೇವಕ್ಕೆ ಹೊರಗೋಡೆಗೂ ತೂಗುಹಾಕಬೇಡ.

ಡೊಂಬಿವಲಿ ಹುಡುಗ:
ಮಾಮ, ಲೂಪ್ ಎಲ್ಲಿ ಸಿಗುತ್ತೆ?

ಮಾಟುಂಗಾ ಮಾಮ:
ವಾಚ್ ರಿಪೇರಿಯವನ ಹತ್ರ ಕೇಳು.