ಏಪ್ರಿಲ್‌ನಲ್ಲಿ ಹಳ್ಳ ಬತ್ತಿತು: ಎಂ.ಎಸ್ಸಿ. ಪ್ರಬಂಧದ ಖಾಲಿ ಅಂಕಣಗಳನ್ನು ಏನು ಮಾಡಲಿ?

ಪ್ರಶ್ನೆ (ವಿದ್ಯಾರ್ಥಿನಿ, ಮೂಡಿಗೆರೆ)

ನಾನು ಪರಿಸರ ವಿಜ್ಞಾನದ ನಾಲ್ಕನೆಯ ಸೆಮಿಸ್ಟರಿನಲ್ಲಿದ್ದೇನೆ. ಹೇಮಾವತಿಗೆ ಸೇರುವ ಹಳ್ಳಗಳ ಮೇಲೆ ಕಾಫಿ ಪಲ್ಪಿಂಗ್‌ನಿಂದ (ಹಣ್ಣಿನ ಸಿಪ್ಪೆ ಸುಲಿಯುವ ಕೆಲಸದಿಂದ) ಬರುವ ನೀರಿನ ಪರಿಣಾಮವೇನು ಎಂಬುದು ನನ್ನ ಪ್ರಬಂಧದ ವಿಷಯ. ಆರು ಹಳ್ಳಗಳಲ್ಲಿ, ಪಲ್ಪರ್‌ನ ನೀರು ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು ಮಾದರಿಯಂತೆ ಪಲ್ಪಿಂಗ್ ಭರದಿಂದ ನಡೆಯುವ ಡಿಸೆಂಬರ್‌ನಲ್ಲಿ ನೀರು ತೆಗೆದೆ; ಏಪ್ರಿಲ್‌ನಲ್ಲಿ ಮತ್ತೆ ಹೋದಾಗ ಮೂರು ಹಳ್ಳಗಳು ಬತ್ತಿದ್ದವು. ಇದಲ್ಲದೆ ಡಿಸೆಂಬರ್‌ನಲ್ಲಿ ಪ್ರಯೋಗಾಲಯದಲ್ಲಿ ಕರೆಂಟ್ ಹೋಗಿ ಒಂದು ಹಳ್ಳದ ಬಿ.ಒ.ಡಿ. (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಬೇಡಿಕೆ) ಪರೀಕ್ಷೆ ಕೆಟ್ಟಿತು. ಉಳಿದ ಹಳ್ಳಗಳ ಸರಾಸರಿಯನ್ನೇ ಖಾಲಿ ಜಾಗಕ್ಕೆ ಬರೆದುಬಿಡು, ಯಾರೂ ಕೇಳುವುದಿಲ್ಲ ಎಂದು ಸೀನಿಯರ್ ಒಬ್ಬರು ಹೇಳುತ್ತಾರೆ. ಬೈಂಡಿಂಗ್‌ಗೆ ಕೊಡಲು ಮೂರೇ ವಾರಗಳಿವೆ. ದಯವಿಟ್ಟು ಸಲಹೆ ಕೊಡಿ.

ಉತ್ತರ 1 (ನಿವೃತ್ತ ಅಧ್ಯಾಪಕ, ಹಾಸನ)

ಸರಾಸರಿ ತುಂಬಬೇಡಿ, ಮಗಳೇ. ಅಳೆಯದ ಅಂಕಿಯನ್ನು ಅಳೆದಂತೆ ಬರೆಯುವುದು ಸುಳ್ಳು ಎಂಬುದು ಒಂದು ಮಾತಾದರೆ, ಲೆಕ್ಕವೂ ಅದರಿಂದ ಕೆಡುತ್ತದೆ ಎಂಬುದು ಇನ್ನೊಂದು: ಸರಾಸರಿ ಸೇರಿಸಿದಷ್ಟೂ ಅಂಕಿಗಳ ಚದುರುವಿಕೆ ತಗ್ಗಿ, ಇಲ್ಲದ ವ್ಯತ್ಯಾಸವೂ ಇರುವಂತೆ ಕಾಣುತ್ತದೆ. ಋತುಗಳ ಹೋಲಿಕೆಯನ್ನು ಶೀರ್ಷಿಕೆಯಿಂದಲೇ ಕೈಬಿಟ್ಟು, ಪಲ್ಪಿಂಗ್ ಕಾಲದಲ್ಲಿ ಹಳ್ಳದ ಮೇಲಿನ ಮತ್ತು ಕೆಳಗಿನ ನೀರಿನ ವ್ಯತ್ಯಾಸ ಎಂಬುದಕ್ಕೆ ಪ್ರಬಂಧವನ್ನು ಸೀಮಿತಗೊಳಿಸಿ. ಅದಕ್ಕೆ ಗೈಡ್ ಒಪ್ಪಿಗೆಯನ್ನು ಈ ವಾರವೇ ಪಡೆಯಿರಿ. ಬತ್ತಿದ ಹಳ್ಳಗಳನ್ನು ದಿನಾಂಕ ಸಮೇತ ಹಾಗೆಯೇ ದಾಖಲಿಸಿ.

ವಿಲ್ಕಾಕ್ಸನ್ ಪರೀಕ್ಷೆ (ಮೇಲಿನ-ಕೆಳಗಿನ ಜೋಡಿ ಅಂಕಿಗಳನ್ನು ಹೋಲಿಸುವ ಸಂಖ್ಯಾಶಾಸ್ತ್ರದ ವಿಧಾನ) ಬಳಸುವುದಾದರೆ ಒಂದು ಎಚ್ಚರಿಕೆ. ಐದು ಜೋಡಿಗಳೂ ಒಂದೇ ದಿಕ್ಕಿಗೆ ವಾಲಿದರೂ ದ್ವಿಮುಖ (ಏರಿಕೆ, ಇಳಿಕೆ ಎರಡನ್ನೂ ನೋಡುವ) ಪರೀಕ್ಷೆಯ ಪಿ-ಮೌಲ್ಯ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ; 0.05ಕ್ಕಿಂತ ಕಡಿಮೆಯಿದ್ದರೆ 'ಗಣನೀಯ' ಎನ್ನುವುದು ವಾಡಿಕೆ) 0.0625ಕ್ಕಿಂತ ಕೆಳಗಿಳಿಯದು, ಆರು ಜೋಡಿಗಳಾದರೆ 0.031ರವರೆಗೆ ಇಳಿಯಬಲ್ಲದು. ಅಂದರೆ ಕರಗಿದ ಆಮ್ಲಜನಕ, ಪಿಎಚ್ ಇವುಗಳಿಗೆ ನಿಮ್ಮ ಆರು ಜೋಡಿ ಸಾಕಾಗಬಹುದು, ಬಿ.ಒ.ಡಿ.ಯ ಐದು ಜೋಡಿ ಸಾಲದು. ಅಲ್ಲಿ ಅಂಕಿಗಳನ್ನೇ ಕೋಷ್ಟಕದಲ್ಲಿ ತೋರಿಸಿ, 'ಗಣನೀಯ' ಎಂಬ ಪದವನ್ನು ಬಳಸದೆ ವಿವರಿಸಿ. ಜೋಡಿಗಳ ಸಂಖ್ಯೆ ಹೆಚ್ಚಿಸಲು, ಒಂದೇ ಜಾಗದಲ್ಲಿ ಒಂದೇ ದಿನ ತುಂಬಿದ ಮೂರು ಬಾಟಲಿಗಳನ್ನು ಮೂರು ಮಾದರಿಗಳೆಂದು ಎಣಿಸುವ ಚಾಳಿ ನಮ್ಮಲ್ಲಿದೆ. ವೈವಾದಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಅಲ್ಲಿಯೇ.

ಉತ್ತರ 2 (ನೀರು ಪರೀಕ್ಷಾ ಪ್ರಯೋಗಾಲಯದ ಸಿಬ್ಬಂದಿ, ಚಿಕ್ಕಮಗಳೂರು)

ಸರ್ ಹೇಳಿದ್ದು ಸರಿ. ಆದರೆ ಉಳಿದ ಐದು ಹಳ್ಳಗಳ ಬಿ.ಒ.ಡಿ. ಅಂಕಿಗಳನ್ನೂ ಒಮ್ಮೆ ನೋಡಬೇಕು. ಕಾಫಿ ಹಣ್ಣಿನ ಲೋಳೆ ಸೇರಿದ ನೀರನ್ನು ಸಾಕಷ್ಟು ತೆಳುಗೊಳಿಸದೆ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ, ಬಾಟಲಿಯ ಆಮ್ಲಜನಕವೆಲ್ಲ ಮುಗಿದುಹೋಗುತ್ತದೆ. ಕೊನೆಯ ದಿನ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಆಮ್ಲಜನಕ ಉಳಿದಿರಬೇಕು, ಕನಿಷ್ಠ 2 ಮಿಲಿಗ್ರಾಂ ಖರ್ಚಾಗಿರಬೇಕು. ನಿಮ್ಮ ವಹಿಯಲ್ಲಿ ಏನಿದೆ?

ವಿದ್ಯಾರ್ಥಿನಿ

ಈಗ ನೋಡಿದೆ, ಮೇಡಂ. ಕೆಳಭಾಗದ ಎರಡು ಬಾಟಲಿಗಳಲ್ಲಿ ಸೊನ್ನೆ ಎಂದಿದೆ. ನಾನು ಅದನ್ನು ಹಾಗೆಯೇ ಸೂತ್ರಕ್ಕೆ ಹಾಕಿಬಿಟ್ಟಿದ್ದೆ.

ಉತ್ತರ 2

ಹಾಗಾದರೆ ಆ ಎರಡು ಅಂಕಿಗಳು ನಿಜವಾದ ಬೇಡಿಕೆಗಿಂತ ಕಡಿಮೆ. 'ಇಷ್ಟಕ್ಕಿಂತ ಹೆಚ್ಚು' ಎಂಬ ಗುರುತಿನೊಂದಿಗೆ ಬರೆಯಿರಿ, ಸರಾಸರಿಯಲ್ಲಿ ಸೇರಿಸಬೇಡಿ. ಬಳಸಿದ ತೆಳುಗೊಳಿಕೆಯ ಪ್ರಮಾಣವನ್ನು ವಿಧಾನದ ಅಧ್ಯಾಯದಲ್ಲಿ ತಪ್ಪದೆ ಕೊಡಿ.