ರಿಲೇ, ಪ್ರೊಟೆಕ್ಷನ್ ಕೆಲಸದವರು ಯಾವ ಸೆಮಿನಾರಿಗೆ ಹೋದರೆ ಉಪಯೋಗ? ಹೋಗಿ ಬಂದವರ ಅನುಭವ

ತೋರಣಗಲ್ಲಿನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕಾರ್ಖಾನೆಯ 220 ಕೆವಿ ಸಬ್‌ಸ್ಟೇಷನ್‌ನಲ್ಲಿದ್ದೇನೆ. ಫಾಲ್ಟ್ (ದೋಷ) ಆದಾಗ ಬ್ರೇಕರ್ ಬೀಳಿಸಿ ಸಾಮಾನು ಕಾಪಾಡುವ ರಿಲೇಗಳ ಟೆಸ್ಟಿಂಗ್, ಸೆಟ್ಟಿಂಗ್ ಎರಡೂ ನನ್ನ ಪಾಲಿಗೇ ಬಂದಿವೆ. ಈ ವರ್ಷ ಸೆಮಿನಾರಿಗೋ ತರಬೇತಿಗೋ ಕಳಿಸುತ್ತೇವೆ ಅಂತ ಮೇಲಿನವರು ಹೇಳಿದ್ದಾರೆ, ಆದರೆ ಒಂದಕ್ಕೆ ಮಾತ್ರ. ಎಲ್ಲಿಗೆ ಹೋಗಲಿ? ದಯವಿಟ್ಟು ಹೇಳಿ.

ರಾಯಚೂರಿನಿಂದ:
ತಮ್ಮಾ, ನಾನು ಈಗ ನಿವೃತ್ತ. ಸರ್ವೀಸ್ ಪೂರ್ತಿ ರಿಲೇ ಪ್ಯಾನೆಲ್ ಮುಂದೆ ಕಳೆದವನು. ಎಲ್ಲಿಗಾದರೂ ಹೋಗು, ಬರಿಗೈಲಿ ಮಾತ್ರ ಹೋಗಬೇಡ. ಸರಿಯಾದ ಕಾರಣ ಸಿಗದೆ ಫೈಲು ಮುಚ್ಚಿದ ಟ್ರಿಪ್ಪಿಂಗ್ (ಬ್ರೇಕರ್ ಬಿದ್ದ ಘಟನೆ) ಒಂದಾದರೂ ನಿಮ್ಮಲ್ಲಿ ಇದ್ದೇ ಇರುತ್ತೆ. ಅದರ ಡಿಆರ್ ರೆಕಾರ್ಡನ್ನು, ಅಂದರೆ ಆ ಹೊತ್ತಿನ ಕರೆಂಟ್, ವೋಲ್ಟೇಜ್ ಅಲೆಗಳ ದಾಖಲೆಯನ್ನು, ಯಾವ ಕಂಪನಿಯ ಸಾಫ್ಟ್‌ವೇರ್ ಆದರೂ ಓದುವಂಥ ಕಾಮ್‌ಟ್ರೇಡ್ ಫೈಲಾಗಿ ಇಳಿಸಿಕೋ. ಸಿಂಗಲ್ ಲೈನ್ ಡಯಾಗ್ರಾಂ, ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ರೇಷಿಯೊ, ಸೆಟ್ಟಿಂಗ್ ಶೀಟ್ ಜೊತೆಗಿರಲಿ. ಹೊರಗೆ ತೋರಿಸೋಕೆ ಮೇಲಿನವರ ಒಪ್ಪಿಗೆ ಪಡೆದುಕೋ. ಕಾರ್ಖಾನೆ, ಫೀಡರ್ ಹೆಸರು ಅಳಿಸಿಬಿಡು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಒಂದು ಸೆಮಿನಾರಿನ ಟೀ ಹೊತ್ತಿನಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ತೆರೆದ. ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡುವಾಗಲೆಲ್ಲ ಅಲ್ಲದಿದ್ದರೂ ಆಗಾಗ ಡಿಫರೆನ್ಷಿಯಲ್‌ನಲ್ಲಿ (ಒಳಬರುವ, ಹೊರಹೋಗುವ ಕರೆಂಟನ್ನು ಹೋಲಿಸುವ ರಿಲೇ) ಟ್ರಿಪ್ ಆಗುತ್ತಿತ್ತಂತೆ. ಕರೆಂಟಿನ ಅಲೆ ಒಂದೇ ಕಡೆಗೆ ಉಬ್ಬಿತ್ತು, ನಡುನಡುವೆ ಸೊನ್ನೆಗೆ ಬಂದು ಚಪ್ಪಟೆಯಾಗಿ ಕೂತಿತ್ತು. ನೋಡಿದವರೆಲ್ಲ ಇನ್‌ರಷ್ ಅಂದರು, ಅಂದರೆ ಚಾರ್ಜ್ ಮಾಡಿದ ಕ್ಷಣ ನುಗ್ಗುವ ಕರೆಂಟ್, ಫಾಲ್ಟ್ ಅಲ್ಲ. ಹಾಗಾದರೆ ರಿಲೇ ತಡೆದುಕೊಳ್ಳಬೇಕಿತ್ತಲ್ವಾ? ಇನ್‌ರಷ್‌ನಲ್ಲಿ ಸೆಕೆಂಡ್ ಹಾರ್ಮೋನಿಕ್ (ಎರಡು ಪಟ್ಟು ಆವರ್ತನದ ಅಂಶ) ಜಾಸ್ತಿ, ಅದು ಸೆಟ್ಟಿಂಗ್ ಮೀರಿದರೆ ರಿಲೇ ಟ್ರಿಪ್ ತಡೆಯುತ್ತೆ. ಇಲ್ಲಿ ಆ ಸೆಟ್ಟಿಂಗ್ 15% ಇತ್ತು. ಎರಡು ಫೇಸ್‌ನಲ್ಲಿ ಅದಕ್ಕಿಂತ ಬಹಳ ಮೇಲೆಯೇ ಇತ್ತು, ಮೂರನೆಯದರಲ್ಲಿ 15ರ ಕೆಳಗೆ ಇಳಿದಿತ್ತು. ಒಂದು ಫೇಸ್‌ನಲ್ಲಿ ಇನ್‌ರಷ್ ಕಂಡರೆ ಮೂರನ್ನೂ ತಡೆಯುವ ಕ್ರಾಸ್ ಬ್ಲಾಕಿಂಗ್ ಆಫ್ ಇತ್ತು. ಆ ಒಂದೇ ಫೇಸ್ ಬ್ರೇಕರ್ ಬೀಳಿಸಿತು.

ಆನ್ ಮಾಡಿದರೆ ಮುಗಿಯಿತು ಅಂದರು ಕೆಲವರು. ಇನ್ನೊಬ್ಬರು ತಡೆದರು: ಚಾರ್ಜ್ ಮಾಡುವಾಗಲೇ ಒಂದು ಫೇಸ್‌ನಲ್ಲಿ ನಿಜವಾದ ಫಾಲ್ಟ್ ಇದ್ದರೆ? ಉಳಿದ ಫೇಸ್‌ಗಳ ಇನ್‌ರಷ್ ಆ ಟ್ರಿಪ್ಪನ್ನೂ ತಡೆಹಿಡಿಯುತ್ತೆ. ಅದಕ್ಕೇ ಕ್ರಾಸ್ ಬ್ಲಾಕಿಂಗ್‌ಗೆ ಸಮಯದ ಮಿತಿ ಹಾಕಬೇಕು. ಟೀ ಆರಿಹೋಯಿತು, ವಾದ ಮುಗಿಯಲಿಲ್ಲ. ಆ ದಿನ ವೇದಿಕೆ ಮೇಲಿನ ಯಾವ ಭಾಷಣದಿಂದಲೂ ಅಷ್ಟು ಸಿಗಲಿಲ್ಲ.

ನನ್ನನ್ನು ಕೇಳಿದರೆ ಬೆಂಗಳೂರಿನ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ತರಬೇತಿ ಮೊದಲು. 1960ರಿಂದ ಇರುವ ಸಂಸ್ಥೆ. ಅಲ್ಲಿನ ರಿಯಲ್ ಟೈಮ್ ಸಿಮ್ಯುಲೇಟರ್‌ಗೆ ನಿಜವಾದ ರಿಲೇಯನ್ನೇ ಕಟ್ಟಿ, ಬೇಕಾದ ಫಾಲ್ಟ್ ಕೊಟ್ಟು ಪರೀಕ್ಷೆ ಮಾಡಬಹುದು. ದೆಹಲಿಯ ಸಿಬಿಐಪಿ (ಕೇಂದ್ರೀಯ ನೀರಾವರಿ ಮತ್ತು ವಿದ್ಯುತ್ ಮಂಡಳಿ) ಕಾರ್ಯಕ್ರಮಗಳೂ ಒಳ್ಳೆಯವು. ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಸಿಗ್ರೆಯಲ್ಲಿ ನಮ್ಮ ವಿಷಯಕ್ಕೆ ಬಿ5 ಅಂತಲೇ ಬೇರೆ ಅಧ್ಯಯನ ಸಮಿತಿ ಇದೆ, ಆದರೆ ಅದು ಸ್ವಲ್ಪ ಅನುಭವ ಬಂದ ಮೇಲೆ. ಎಲೆಕ್ರಾಮಾ ಅನ್ನೋದು ವಿದ್ಯುತ್ ಸಾಮಾನಿನ ಪ್ರದರ್ಶನ. ಹೊಸ ಸಾಮಾನು ನೋಡೋಕೆ ಸರಿ, ಸೆಟ್ಟಿಂಗ್ ಕಲಿಯೋಕೆ ಅಲ್ಲ.

ಬಳ್ಳಾರಿಯಿಂದ:
ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಟ್ರಾನ್ಸ್‌ಮಿಷನ್ ಕಡೆಯವನು, ಆರ್‌ಟಿ (ರಿಲೇ ಟೆಸ್ಟಿಂಗ್) ವಿಭಾಗ. ನಮಗೆ ಜಾಸ್ತಿ ಕಲಿಸಿದ್ದು ಬೆಂಗಳೂರಿನ ಎಸ್‌ಆರ್‌ಪಿಸಿಯ (ದಕ್ಷಿಣ ಪ್ರಾದೇಶಿಕ ವಿದ್ಯುತ್ ಸಮಿತಿ) ಪ್ರೊಟೆಕ್ಷನ್ ಉಪಸಮಿತಿ ಸಭೆಗಳು. ದಕ್ಷಿಣ ರಾಜ್ಯಗಳ ದೊಡ್ಡ ಟ್ರಿಪ್ಪಿಂಗ್‌ಗಳನ್ನು ಅಲ್ಲಿ ಒಂದೊಂದಾಗಿ ಬಿಚ್ಚಿ ನೋಡುತ್ತಾರೆ. ಯಾವ ರಿಲೇ ಯಾಕೆ ಆಪರೇಟ್ ಆಯಿತು, ಆಗಬೇಕಾದದ್ದು ಯಾಕೆ ಆಗಲಿಲ್ಲ, ಎಲ್ಲದಕ್ಕೂ ಉತ್ತರ ಕೊಡಬೇಕು. ಕಾರ್ಖಾನೆಯವರು ಸುಮ್ನೆ ಹೋಗಿ ಕೂರೋಕೆ ಆಗಲ್ಲ. ಆದರೆ ಸಭೆಯ ನಡಾವಳಿ ಅವರ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಹೋಗುವ ಮುಂಚೆ ಒಂದಷ್ಟು ಓದಿಕೊಳ್ಳಿ.

ಬೇರೆಯವರ ಟ್ರಿಪ್ಪಿಂಗ್ ನಮಗ್ಯಾಕೆ ಅನ್ನಬೇಡಿ. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆದಾಗ ಲೈನಿನಲ್ಲಿ ಫಾಲ್ಟೇ ಇರಲಿಲ್ಲ. ಲೋಡ್ ಏರಿ, ವೋಲ್ಟೇಜ್ ಇಳಿದು, ಕರೆಂಟ್, ವೋಲ್ಟೇಜ್ ನೋಡಿ ಫಾಲ್ಟಿನ ದೂರ ಅಳೆಯುವ ಡಿಸ್ಟೆನ್ಸ್ ರಿಲೇಗೆ ಅದು ಜೋನ್ 3ರ (ಅದು ಕಾಯುವ ದೂರದ ವಲಯ) ಒಳಗಿನ ಫಾಲ್ಟ್ ಥರ ಕಂಡಿತು. ಉತ್ತರದ ಗ್ರಿಡ್ ಪೂರ್ತಿ ಬಿತ್ತು. ಮರುದಿನ ಮತ್ತೆ ಅದೇ ಲೈನ್. ಪೂರ್ವ, ಈಶಾನ್ಯದವರೂ ಕತ್ತಲಲ್ಲಿ ಕೂತರು. ನಮ್ಮ ದಕ್ಷಿಣದ ಗ್ರಿಡ್ ಆಗ ಉಳಿದ ದೇಶದ ಜೊತೆ ಸಿಂಕ್ರೊನೈಸ್ ಆಗಿರಲಿಲ್ಲ, ಹಾಗಾಗಿ ಬಚಾವಾದೆವು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೋಲಾಪುರ 765 ಕೆವಿ ಲೈನ್ ಬಂದು ಎಲ್ಲ ಒಂದೇ ಗ್ರಿಡ್ ಆಯಿತು. ಈಗ ಅಲ್ಲೆಲ್ಲೋ ಒಂದು ಸೆಟ್ಟಿಂಗ್ ತಪ್ಪಿದರೆ ಅದರ ಪೆಟ್ಟು ಇಲ್ಲಿಗೂ ಬರಬಹುದು.

ಕೊಪ್ಪಳದಿಂದ:
ನಾನು ವಿಂಡ್, ಸೋಲಾರ್ ಎರಡೂ ಸೇರುವ ಪೂಲಿಂಗ್ ಸ್ಟೇಷನ್‌ನಲ್ಲಿದ್ದೇನೆ. ನಿಮ್ಮ ಕಾರ್ಖಾನೆಗೆ ಸೋಲಾರ್ ಬರುವುದಿದ್ದರೆ ಇನ್ವರ್ಟರ್ ಬಗ್ಗೆ ಇರುವ ಸೆಷನ್ ಬಿಡಬೇಡಿ. ಜನರೇಟರ್ ಆದರೆ ಫಾಲ್ಟ್ ಸಮಯದಲ್ಲಿ ಫುಲ್ ಲೋಡಿನ ಹಲವು ಪಟ್ಟು ಕರೆಂಟ್ ಕೊಡುತ್ತೆ. ಸೋಲಾರ್ ಇನ್ವರ್ಟರ್ ಸಾಮಾನ್ಯವಾಗಿ 1.1–1.2 ಪಟ್ಟಿಗೇ ನಿಲ್ಲಿಸಿಬಿಡುತ್ತೆ. ಹಳೇ ಲೆಕ್ಕದಲ್ಲಿ ಓವರ್‌ಕರೆಂಟ್ ಸೆಟ್ಟಿಂಗ್ ಇಟ್ಟರೆ ಆ ಕಡೆಯ ರಿಲೇ ಪಿಕಪ್ಪೇ ಆಗದೆ (ಫಾಲ್ಟನ್ನು ಗುರುತಿಸದೆ) ಇರಬಹುದು.

ಇನ್ನೊಂದು. ಸಭಾಂಗಣದಲ್ಲಿ ಎಷ್ಟೋ ಸಲ ಹೆಣ್ಣುಮಗಳು ಅಂತ ನಾನೊಬ್ಬಳೇ ಇರುತ್ತಿದ್ದೆ. ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದೇನೆ, ಎಲ್ಲರೂ ಮನಸ್ಸಿಟ್ಟು ಉತ್ತರ ಕೊಟ್ಟಿದ್ದಾರೆ. ಇಂಗ್ಲಿಷ್ ತಡವರಿಸುತ್ತೆ ಅಂತ ಯಾರೂ ಸುಮ್ಮನಿರಬೇಡಿ. ಡಿಆರ್ ತೋರಿಸಿದರೆ ಅರ್ಧ ಮಾತು ಅದೇ ಆಡುತ್ತೆ.

ಅಮೆರಿಕದಲ್ಲಿ ಟೆಕ್ಸಾಸ್ ಎ ಅಂಡ್ ಎಂ, ಜಾರ್ಜಿಯಾ ಟೆಕ್, ಸ್ಪೋಕೇನ್ ಸಮ್ಮೇಳನಗಳು ಪ್ರೊಟೆಕ್ಷನ್‌ಗೆಂದೇ ಪ್ರತಿ ವರ್ಷ ನಡೆಯುತ್ತವೆ. ನಮ್ಮ ಬಜೆಟ್ಟಿಗೆ ದೂರ. ಆದರೆ ಅಲ್ಲಿ ಓದಿದ ಎಷ್ಟೋ ಪ್ರಬಂಧಗಳನ್ನು ರಿಲೇ ಕಂಪನಿಗಳು ಪುಕ್ಕಟೆ ಇಟ್ಟಿವೆ, ಇಳಿಸಿಕೊಳ್ಳಿ.

ತೋರಣಗಲ್ಲಿನಿಂದ:
ತುಂಬಾ ಥ್ಯಾಂಕ್ಸ್ ಸರ್, ಮೇಡಂ. ಸಿಪಿಆರ್‌ಐ ತರಬೇತಿಗೇ ಕೇಳುತ್ತೇನೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ನಮ್ಮದೊಂದು 33 ಕೆವಿ ಫೀಡರಿನ ಅರ್ಥ್ ಫಾಲ್ಟ್ ಟ್ರಿಪ್ಪಿಂಗ್ ಇದೆ, ಮಳೆ ಬಂದಾಗ ಮಾತ್ರ ಆಗುತ್ತೆ. ಒಪ್ಪಿಗೆ ಸಿಕ್ಕರೆ ಅದರ ರೆಕಾರ್ಡ್ ತರುತ್ತೇನೆ. ಅದಕ್ಕೆ ಮುಂಚೆ ಒಂದು ಭಾನುವಾರ ಹೊಸಪೇಟೆಯಲ್ಲಿ ಸೇರೋಣವೇ? ಮೂರೂ ಜಿಲ್ಲೆಯವರಿಗೆ ಬಂದು ಹೋಗೋಕೆ ಆಗುತ್ತೆ. ಯಾರ್ಯಾರು ಬರುತ್ತೀರಿ, ಯಾವ ಟ್ರಿಪ್ಪಿಂಗ್ ತರುತ್ತೀರಿ ಹೇಳಿ.